ದೇವರು ಅಳುತ್ತಾನೆಯೇ? ಅಳುವವನು ಏಕೆ ತಡೆಯಲಿಲ್ಲ?

ಪ್ರಶ್ನೆ: ಮೂರು ವರ್ಷ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ನನ್ನ ತಮ್ಮ ಹತ್ತು ತಿಂಗಳ ಹಿಂದೆ ತೀರಿಕೊಂಡ. ಅವನಿಗೆ ಆಗ 31 ವರ್ಷ. ಸಭೆಯವರೆಲ್ಲ ಉಪವಾಸವಿದ್ದು ಪ್ರಾರ್ಥಿಸಿದ್ದರು. ಗುಣವಾಗಿಯೇ ಆಗುತ್ತದೆ ಎಂದು ಕೆಲವರು ಮಾತು ಕೊಟ್ಟಂತೆ ಹೇಳಿದ್ದರು. ಸಮಾಧಿಯ ದಿನ ಅಮ್ಮ ಗೋಳಾಡುತ್ತಿದ್ದಾಗ ಸಭೆಯ ಹಿರಿಯರೊಬ್ಬರು, "ನಂಬಿಕೆಯಿಲ್ಲದವರ ಹಾಗೆ ಅಳಬೇಡಿ, ಪವಿತ್ರಾತ್ಮನನ್ನು ದುಃಖಪಡಿಸುತ್ತಿದ್ದೀರಿ" ಎಂದರು. ಅಂದಿನಿಂದ ಅಮ್ಮ ಯಾರೆದುರೂ ಅತ್ತಿಲ್ಲ. ರಾತ್ರಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಳುತ್ತಾರೆ. ಮನೆಗೆ ಬಂದ ಇನ್ನೊಬ್ಬ ಬೋಧಕರು, "ನಿಮಗಿಂತ ಹೆಚ್ಚು ದೇವರೇ ಅಳುತ್ತಿದ್ದಾನೆ" ಎಂದರು. ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಅಳುವ ದೇವರಿಗೆ ತಡೆಯಲು ಆಗಲಿಲ್ಲವೇ? ತಡೆಯಬಹುದಾಗಿದ್ದೂ ತಡೆಯದೆ ಅತ್ತರೆ ಅದು ಎಂಥ ಕರುಣೆ? ದೇವರಿಗೆ ದುಃಖವೆಂಬುದೇ ಇಲ್ಲ, ಆತನು ಬದಲಾಗದವನು ಎಂದೂ ಒಂದು ಪುಸ್ತಕದಲ್ಲಿ ಓದಿದೆ. ಯಾವುದು ಸರಿ? "ಯಾವ ಪಾಪಕ್ಕೆ ಈ ಶಿಕ್ಷೆ" ಎಂದು ಅಮ್ಮ ಕೇಳುತ್ತಲೇ ಇರುತ್ತಾರೆ. ನಾನು ಪ್ರಾರ್ಥನೆಗೆ ಕುಳಿತರೆ ಬಾಯಿಂದ ಬರುವುದು ಬರೀ ಜಗಳ. ವರ್ಷದ ಸ್ಮರಣೆಯ ಪ್ರಾರ್ಥನೆಯಲ್ಲಿ ವಾಕ್ಯ ಓದುವಂತೆ ನನಗೆ ಹೇಳಿದ್ದಾರೆ. ಏನು ಓದಲಿ?

ಉತ್ತರ: ಸಹೋದರಿ, ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಅವುಗಳ ಅಡಿಯಲ್ಲಿರುವ ಆತಂಕ ಒಂದೇ ಎಂದು ನನಗನಿಸುತ್ತದೆ. ದೇವರು ಕಲ್ಲಿನಂತಿದ್ದರೆ ಆತನನ್ನು ಪ್ರೀತಿಸುವುದು ಹೇಗೆ? ಆತನೂ ನಮ್ಮಂತೆ ಕೈಚೆಲ್ಲಿ ಅಳುತ್ತಿದ್ದರೆ ಆತನನ್ನು ನಂಬುವುದು ಹೇಗೆ? ನಾನು ದೇವಶಾಸ್ತ್ರ ಕಲಿಸಿದವನು, ಆಸ್ಪತ್ರೆಯ ಪಾದ್ರಿಯಾಗಿಯೂ ಕೆಲಸ ಮಾಡಿದವನು. ತರಗತಿಯಲ್ಲಿ ಈ ಪ್ರಶ್ನೆಗೆ ಅಚ್ಚುಕಟ್ಟಾದ ಉತ್ತರಗಳಿದ್ದವು. ಐಸಿಯು ಬಾಗಿಲಲ್ಲಿ ಅವುಗಳಲ್ಲಿ ಕೆಲವು ಮಾತ್ರ ಉಳಿದುಕೊಂಡವು. ಉಳಿದವುಗಳನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಅಮ್ಮನ ವಿಷಯ, ಏಕೆಂದರೆ ಅದು ತುರ್ತಿನದು. ಆ ಹಿರಿಯರು ಹೇಳಿದ್ದು ತಪ್ಪು. ಸುತ್ತಿ ಬಳಸಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. "ಪವಿತ್ರಾತ್ಮನನ್ನು ದುಃಖಪಡಿಸಬೇಡಿರಿ" ಎಂಬ ಮಾತು ಎಫೆಸದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಬರುತ್ತದೆ. ಅದರ ಹಿಂದಿನ ಮುಂದಿನ ವಚನಗಳನ್ನು ನೀವೇ ಓದಿ ನೋಡಿ. ಸುಳ್ಳು, ಕಳ್ಳತನ, ಕೆಟ್ಟ ಮಾತು, ದ್ವೇಷ, ದೂಷಣೆ ಇವುಗಳ ಪಟ್ಟಿಯ ನಡುವೆ ಆ ಎಚ್ಚರಿಕೆ ಇದೆ. ಒಬ್ಬರು ಇನ್ನೊಬ್ಬರಿಗೆ ಮಾಡುವ ಕೇಡಿನಿಂದ ದೇವರ ಆತ್ಮನು ನೋಯುತ್ತಾನೆ ಎಂಬುದು ಅಲ್ಲಿನ ಅರ್ಥ. ಮಗನನ್ನು ಕಳೆದುಕೊಂಡ ತಾಯಿಯ ಕಣ್ಣೀರಿಗೂ ಆ ವಚನಕ್ಕೂ ಸಂಬಂಧವೇ ಇಲ್ಲ. ಅಷ್ಟೇಕೆ, ಆ ಪಟ್ಟಿಯನ್ನು ಓದಿದರೆ ಹೆಣದ ಮುಂದೆ ತಾಯಿಯನ್ನು ಗದರಿಸಿದ್ದೇ ಅದಕ್ಕೆ ಹತ್ತಿರವಾಗುತ್ತದೆ.

ಇಂಥವರು ಹಿಡಿದುಕೊಳ್ಳುವ ಇನ್ನೊಂದು ವಚನ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿದೆ: ನಿರೀಕ್ಷೆಯಿಲ್ಲದ ಇತರರಂತೆ ನೀವು ದುಃಖಿಸಬಾರದು. ದುಃಖಿಸಲೇಬಾರದು ಎಂದು ಪೌಲನು ಅಲ್ಲಿ ಬರೆಯಲಿಲ್ಲ. ತನ್ನ ಜೊತೆಗಾರ ಎಪಫ್ರೊದೀತನು ಕಾಯಿಲೆಯಿಂದ ಸಾಯುವ ಸ್ಥಿತಿಗೆ ಬಂದು ಬದುಕಿದ್ದನ್ನು ನೆನೆದು, ದುಃಖದ ಮೇಲೆ ದುಃಖ ಬಾರದಂತೆ ದೇವರು ನನ್ನನ್ನು ಕರುಣಿಸಿದನು ಎಂದು ಬರೆದವನು ಅದೇ ಪೌಲ. ಮೊದಲ ಹುತಾತ್ಮನಾದ ಸ್ತೆಫನನನ್ನು ಹೂಳಿದ ಭಕ್ತರು ಅವನಿಗಾಗಿ ಬಹಳವಾಗಿ ಗೋಳಾಡಿದರು ಎಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಅವರನ್ನು ಯಾರೂ ಸುಮ್ಮನಿರಿಸಲಿಲ್ಲ.

ಅಳು ನಂಬಿಕೆಗೆ ಕುಂದು ಎಂಬ ಭಾವನೆ ಮಾತ್ರ ಬಹಳ ಹಳೆಯದು, ದೊಡ್ಡವರನ್ನೂ ಬಿಟ್ಟಿಲ್ಲ. 387ರಲ್ಲಿ ರೋಮ್ ಬಳಿಯ ಓಸ್ತಿಯ ಬಂದರಿನಲ್ಲಿ ತಾಯಿ ಮೋನಿಕ ತೀರಿಕೊಂಡಾಗ ಆಗಸ್ಟೀನನು ಬಲವಂತವಾಗಿ ಕಣ್ಣೀರು ತಡೆದುಕೊಂಡ. ಜೋರಾಗಿ ಅತ್ತ ಹುಡುಗನನ್ನು, ಅಂದರೆ ಅವನ ಸ್ವಂತ ಮಗನನ್ನು, ಅಲ್ಲಿದ್ದವರೆಲ್ಲ ಸೇರಿ ಸುಮ್ಮನಾಗಿಸಿದರು. ಸಮಾಧಿಯೂ ಮುಗಿದು, ಒಂದು ರಾತ್ರಿ ಕಳೆದ ಮೇಲೆ ಅವನ ಕಟ್ಟೆ ಒಡೆಯಿತು. ತಾಯಿಗಾಗಿ ಒಂದು ಗಳಿಗೆಯಷ್ಟು ಅತ್ತದ್ದರಲ್ಲಿ ಪಾಪ ಕಾಣುವವರು ನನ್ನನ್ನು ಹೀಯಾಳಿಸದಿರಲಿ, ಪ್ರೀತಿಯಿದ್ದರೆ ನನ್ನ ಪಾಪಗಳಿಗಾಗಿ ತಾವೂ ಅಳಲಿ ಎಂದು ಅವನು ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಸಭೆಯ ಮಹಾಪಂಡಿತನಿಗೇ ಅಳಲು ಇಷ್ಟು ಸಂಕೋಚವಾಗಿತ್ತು ಎಂಬುದನ್ನು ಅಮ್ಮನಿಗೆ ಹೇಳಿ. ಬಚ್ಚಲುಮನೆಯ ಬಾಗಿಲು ಹಾಕಿಕೊಳ್ಳುವ ಅಗತ್ಯ ಅವರಿಗಿಲ್ಲ.

ಈಗ ನಿಮ್ಮ ಸಿಟ್ಟಿನ ಪ್ರಶ್ನೆ. "ಅಳುವವನಿಗೆ ತಡೆಯಲು ಆಗಲಿಲ್ಲವೇ?" ಇದನ್ನು ಮೊದಲು ಕೇಳಿದವರು ನೀವಲ್ಲ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಇದು ಹೆಚ್ಚುಕಡಿಮೆ ಇದೇ ಮಾತುಗಳಲ್ಲಿದೆ. ಬೇಥಾನ್ಯದ ಲಾಜರನು ಸತ್ತು, ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿದೆ. ಕಾಯಿಲೆಯ ಸುದ್ದಿ ತಲುಪಿದರೂ ಯೇಸು ಇದ್ದಲ್ಲೇ ಎರಡು ದಿನ ಉಳಿದಿದ್ದನು. ಅಕ್ಕಂದಿರಾದ ಮಾರ್ಥಳೂ ಮರಿಯಳೂ ಬೇರೆ ಬೇರೆಯಾಗಿ ಬಂದು ಒಂದೇ ಮಾತು ಹೇಳುತ್ತಾರೆ: ಕರ್ತನೇ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಇದು ಭಕ್ತಿಯ ಮಾತೂ ಹೌದು, ದೂರೂ ಹೌದು. ಯೇಸು ಕಣ್ಣೀರು ಬಿಟ್ಟಾಗ ಸುತ್ತ ನಿಂತವರಲ್ಲಿ ಕೆಲವರು, ಕುರುಡನ ಕಣ್ಣು ತೆರೆದ ಈತನು ಇವನು ಸಾಯದಂತೆ ಮಾಡಲಾರದೆ ಹೋದನೇ ಎಂದು ಕೇಳುತ್ತಾರೆ. ಅವರನ್ನು ಯೇಸು ಗದರಿಸಲಿಲ್ಲ. ಹಾಗೆ ಕೇಳಬಾರದು ಎಂದು ಸುವಾರ್ತೆ ಬರೆದವನೂ ಎಲ್ಲೂ ಹೇಳಲಿಲ್ಲ.

ಆ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ, ಅದು ನಿಮ್ಮ ಇಕ್ಕಟ್ಟಿನ ಬುಡಕ್ಕೇ ಕೈಹಾಕುತ್ತದೆ. ಲಾಜರನನ್ನು ಎಬ್ಬಿಸಲೆಂದೇ ಯೇಸು ಅಲ್ಲಿಗೆ ಬರುತ್ತಿದ್ದಾನೆ. ಅದನ್ನು ಶಿಷ್ಯರಿಗೆ ದಾರಿಯಲ್ಲೇ ಹೇಳಿದ್ದಾನೆ. ಸ್ವಲ್ಪ ಹೊತ್ತಿಗೆ ಸತ್ತವನು ಹೊರಗೆ ಬರುತ್ತಾನೆಂದು ತಿಳಿದಿರುವ ಒಬ್ಬನೇ ಒಬ್ಬ ಅಲ್ಲಿ ಅಳುತ್ತಿದ್ದಾನೆ. ಹಾಗಾದರೆ ಆ ಅಳು ಕೈಲಾಗದವನ ಅಳುವಲ್ಲ. ನೋಡುವವರಿಗಾಗಿ ಹರಿಸಿದ ಕಣ್ಣೀರೂ ಅಲ್ಲ, ಏಕೆಂದರೆ ಆತನು ಒಳಗೇ ಕಲಕಿಹೋದನೆಂದು ಸುವಾರ್ತೆ ಎರಡು ಬಾರಿ ಹೇಳುತ್ತದೆ. ಆ ಕಲಕುವಿಕೆಯಲ್ಲಿ ಸಾವಿನ ಮೇಲಿನ ಸಿಟ್ಟೂ ಇತ್ತೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ, ನನಗೂ ಅದು ಸರಿಯೆನಿಸುತ್ತದೆ. ಶಕ್ತಿಯಿರುವವನು ಅಳುವುದಿಲ್ಲ, ಅಳುವವನಿಗೆ ಶಕ್ತಿಯಿಲ್ಲ ಎಂಬ ನಮ್ಮ ಲೆಕ್ಕ ಆ ಸಮಾಧಿಯ ಮುಂದೆ ತಾಳೆಯಾಗುವುದಿಲ್ಲ.

"ಆದರೆ ಲಾಜರ ಎದ್ದ, ನನ್ನ ತಮ್ಮ ಏಳಲಿಲ್ಲ" ಎಂದು ನೀವು ಹೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಅದಕ್ಕೂ ಬರುತ್ತೇನೆ. ಅದಕ್ಕೆ ಮೊದಲು ನೀವು ಓದಿದ ಆ ಪುಸ್ತಕದ ಮಾತನ್ನು ನೋಡಬೇಕು.

ಬೈಬಲ್ ಈ ವಿಷಯದಲ್ಲಿ ಎರಡು ದನಿಗಳಲ್ಲಿ ಮಾತನಾಡುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನೋಹನ ಕಾಲದ ಕೇಡನ್ನು ಕಂಡು ದೇವರು ಹೃದಯದಲ್ಲಿ ನೊಂದನು ಎಂದು ಆದಿಕಾಂಡ ಹೇಳುತ್ತದೆ. ಹೋಶೇಯನ 11ನೆಯ ಅಧ್ಯಾಯದಲ್ಲಿ ದೇವರು, ಎಫ್ರಾಯೀಮೇ, ನಿನ್ನನ್ನು ಹೇಗೆ ಬಿಟ್ಟುಕೊಡಲಿ, ನನ್ನೊಳಗೆ ಮನಸ್ಸು ಮಗುಚಿಕೊಂಡಿದೆ ಎಂದು ಒದ್ದಾಡುತ್ತಾನೆ. ಜನರ ಎಲ್ಲ ಬಾಧೆಯಲ್ಲಿ ಆತನೂ ಬಾಧೆಪಟ್ಟನು ಎನ್ನುತ್ತದೆ ಯೆಶಾಯನ ಗ್ರಂಥ. ಇನ್ನೊಂದು ಕಡೆ, ಕರ್ತನಾದ ನಾನು ಮಾರ್ಪಡುವವನಲ್ಲ ಎಂಬ ಮಲಾಕಿಯನ ಮಾತಿದೆ. ಎರಡೂ ಒಂದೇ ಪುಟದಲ್ಲಿ ಸಿಗಬೇಕಾದರೆ ಸಮುವೇಲನ ಮೊದಲ ಪುಸ್ತಕದ 15ನೆಯ ಅಧ್ಯಾಯ ತೆರೆಯಿರಿ. ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟನು ಎಂದು 11ನೆಯ ವಚನ ಹೇಳುತ್ತದೆ. ಪಶ್ಚಾತ್ತಾಪಪಡಲು ಆತನು ಮನುಷ್ಯನಲ್ಲ ಎಂದು 29ನೆಯ ವಚನ. ಪಶ್ಚಾತ್ತಾಪಪಟ್ಟನು ಎಂದು ಮತ್ತೆ 35ನೆಯ ವಚನ. ಬರೆದವನು ಮರೆತು ಬರೆದದ್ದಲ್ಲ ಇದು. ಎರಡನ್ನೂ ಹಿಡಿದುಕೊಳ್ಳಿ ಎಂದು ಬೇಕೆಂದೇ ಇಟ್ಟದ್ದು.

ಆದಿಸಭೆಯ ಗುರುಗಳು "ದೇವರಿಗೆ ವೇದನೆಯಿಲ್ಲ" ಎಂದು ಹೇಳತೊಡಗಿದ್ದು ಏಕೆಂಬುದು ತಿಳಿದರೆ ಆ ಮಾತು ಈಗ ಕೇಳಿಸುವಷ್ಟು ಕ್ರೂರವಾಗಿ ಕೇಳಿಸುವುದಿಲ್ಲ. ಅವರ ಸುತ್ತಲಿನ ಗ್ರೀಕ್ ಮತ್ತು ರೋಮನ್ ಪುರಾಣಗಳ ದೇವತೆಗಳು ಹೊಟ್ಟೆಕಿಚ್ಚು, ಕಾಮ, ಕೋಪಗಳ ಕೈಗೊಂಬೆಗಳು. ನಮ್ಮ ದೇವರು ಹಾಗಲ್ಲ, ಯಾವ ಆವೇಶವೂ ಆತನನ್ನು ಎಳೆದಾಡಲಾರದು ಎಂಬುದು ಅವರು ಒತ್ತಿ ಹೇಳಿದ ಮಾತು. ಪ್ರೀತಿಯಿಲ್ಲ, ಕರುಣೆಯಿಲ್ಲ ಎಂದು ಅವರು ಹೇಳಲಿಲ್ಲ.

ಸಾವಿನ ಮನೆಗೆ ಬರುವ ಒಂದು ಬಗೆಯ ನೆಂಟರನ್ನು ನೀವೂ ಕಂಡಿರುತ್ತೀರಿ. ಬಾಗಿಲಲ್ಲೇ ಬಿದ್ದು ಹೊರಳಾಡಿ ಅಳುತ್ತಾರೆ. ಕೊನೆಗೆ ಮಗನನ್ನು ಕಳೆದುಕೊಂಡ ತಾಯಿಯೇ ಎದ್ದು ಹೋಗಿ ಅವರಿಗೆ ನೀರು ತಂದುಕೊಡಬೇಕಾಗುತ್ತದೆ. ಅವರ ದುಃಖ ಸುಳ್ಳಲ್ಲ, ಆದರೆ ಅದರಿಂದ ಮನೆಯವರಿಗೆ ಒಂದು ಹೊರೆ ಹೆಚ್ಚಾಯಿತು. ದೇವರು ಆ ನೆಂಟನಂತಲ್ಲ ಎಂಬುದೇ ಆ ಹಳೆಯ ಸಿದ್ಧಾಂತದ ತಿರುಳು. ನಮ್ಮ ನೋವಿಗೆ ಆತನು ಕುಸಿಯುವುದಿಲ್ಲ, ಆತನನ್ನು ನಾವು ಸಂತೈಸಬೇಕಾಗಿಲ್ಲ. "ನೀವು ಅತ್ತರೆ ದೇವರಿಗೆ ನೋವಾಗುತ್ತದೆ" ಎಂದು ಅಮ್ಮನಿಗೆ ಹೇಳಿದವರು ದೇವರನ್ನು ಈ ನೆಂಟನ ಜಾಗದಲ್ಲಿ ಕೂರಿಸಿದ್ದಾರೆ. "ನಿಮಗಿಂತ ಹೆಚ್ಚು ದೇವರೇ ಅಳುತ್ತಿದ್ದಾನೆ" ಎಂದ ಬೋಧಕರೂ ಒಳ್ಳೆಯ ಮನಸ್ಸಿನಿಂದಲೇ ಅದೇ ತಪ್ಪು ಮಾಡಿದ್ದಾರೆ. ಯಾರು ಹೆಚ್ಚು ಅಳುತ್ತಾರೆ ಎಂಬ ಪೈಪೋಟಿ ದುಃಖದ ಮನೆಯಲ್ಲಿ ಬೇಡ. ನಿಮಗೆ ಸಿಟ್ಟು ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಆದರೆ ಶಿಲುಬೆ? ಅಲ್ಲಿ ಸತ್ತವನು ದೇವರೇ ಎಂದು ನಂಬುವವರು ದೇವರಿಗೆ ವೇದನೆಯಿಲ್ಲ ಎಂದು ಹೇಗೆ ಹೇಳುತ್ತಾರೆ? ಮೂರನೆಯ ಶತಮಾನದ ಆರಂಭದಲ್ಲೇ ಈ ಜಗಳ ಶುರುವಾಯಿತು. ತಂದೆಯಾದ ದೇವರೇ ಶಿಲುಬೆಯಲ್ಲಿ ನರಳಿದನು ಎಂದು ಕೆಲವರು ಕಲಿಸಿದರು. ಪ್ರಕ್ಸೆಯ ಎಂಬ ಬೋಧಕನು ತಂದೆಯನ್ನೇ ಶಿಲುಬೆಗೇರಿಸಿಬಿಟ್ಟನು ಎಂದು ಉತ್ತರ ಆಫ್ರಿಕದ ಕ್ರೈಸ್ತ ಲೇಖಕ ತೆರ್ತುಲ್ಲಿಯನು ಅವರನ್ನು ಗೇಲಿ ಮಾಡಿದ. ಐದನೆಯ ಶತಮಾನದಲ್ಲಿ ಇನ್ನೊಂದು ತುದಿಯ ತಪ್ಪು ತಲೆಯೆತ್ತಿತು. ನರಳಿದ್ದು ಯೇಸುವೆಂಬ ಮನುಷ್ಯ ಮಾತ್ರ, ದೇವರಿಗೆ ಅದು ತಾಗಲೇ ಇಲ್ಲ ಎನ್ನುವಂತೆ ಕೆಲವರು ಮಾತನಾಡಿದರು. ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲನು ಇದಕ್ಕೆ ಒಪ್ಪಲಿಲ್ಲ. ದೇವರ ವಾಕ್ಯವೇ, ಅಂದರೆ ದೇವರ ಮಗನೇ, ಶರೀರದಲ್ಲಿ ನರಳಿತು ಎಂದು ಅವನು ಹಟ ಹಿಡಿದ. 431ರಲ್ಲಿ ಎಫೆಸದಲ್ಲಿ ಸೇರಿದ ಬಿಷಪರ ಮಹಾಸಭೆ ಅವನ ಪಕ್ಷ ವಹಿಸಿತು. 451ರಲ್ಲಿ ಖಾಲ್ಸೆದೋನ್ ಮಹಾಸಭೆ ಕ್ರಿಸ್ತನಲ್ಲಿ ದೈವ ಸ್ವಭಾವ ಮತ್ತು ಮಾನವ ಸ್ವಭಾವ ಬೆರೆಯದೆ, ಬೇರ್ಪಡದೆ ಇವೆ ಎಂದು ಹೇಳಿತು. ತ್ರಿತ್ವದಲ್ಲಿ, ಅಂದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಲ್ಲಿ, ಒಬ್ಬನು ಶರೀರದಲ್ಲಿ ಶಿಲುಬೆಗೇರಿದನು ಎಂಬ ಮಾತನ್ನು 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅಧಿಕೃತವಾಗಿ ಒಪ್ಪಿಕೊಂಡಿತು. ಇಷ್ಟೆಲ್ಲ ಇಸವಿಗಳು ನಿಮಗೆ ಬೇಸರ ತರಿಸಬಹುದು. ಆದರೆ ಅವುಗಳ ಫಲವನ್ನು ಹೀಗೆ ಸರಳವಾಗಿ ಹೇಳಬಹುದು: ದೇವರು ತನ್ನ ಸ್ವಭಾವದಲ್ಲಿ ನೋವಿಗೆ ಗುರಿಯಾಗುವವನಲ್ಲ. ಆದರೂ ನಮ್ಮ ಬಗೆಯ ನೋವನ್ನು ಅನುಭವಿಸಲು ನಮ್ಮ ಬಗೆಯ ದೇಹವನ್ನೂ ಮನಸ್ಸನ್ನೂ ತಾನಾಗಿ ತೊಟ್ಟುಕೊಂಡನು. ಬೇಥಾನ್ಯದಲ್ಲಿ ಸುರಿದ ಕಣ್ಣೀರು ಮನುಷ್ಯನ ಕಣ್ಣೀರು, ಅತ್ತವನು ದೇವರ ಮಗ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ನನ್ನ ಪ್ರಾಣವು ಸಾಯುವಷ್ಟು ದುಃಖಕ್ಕೊಳಗಾಗಿದೆ ಎಂದವನೂ ಆತನೇ.

ಮಧ್ಯಯುಗದ ಪಂಡಿತರಲ್ಲಿ ತೋಮಸ್ ಅಕ್ವಿನಾಸನು ಇದನ್ನು ತುಸು ಒಣಗಿಸಿಯೇ ಹೇಳಿದ್ದಾನೆ. ಇನ್ನೊಬ್ಬರ ಸಂಕಟಕ್ಕೆ ದುಃಖಪಡುವುದು ದೇವರಿಗೆ ಸಲ್ಲುವುದಿಲ್ಲ, ಆ ಸಂಕಟವನ್ನು ನೀಗಿಸುವುದು ಆತನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಸಲ್ಲುತ್ತದೆ ಎಂದು. ತರ್ಕ ಸರಿ. ಆದರೆ ಹಾಸಿಗೆಯ ಪಕ್ಕದಲ್ಲಿ ಇದನ್ನು ಹೇಳಲು ನನಗೆ ಎಂದೂ ಬಾಯಿ ಬಂದಿಲ್ಲ. ನನಗೆ ಹತ್ತಿರವಾಗುವವನು ಕ್ಲೇರ್ವೋ ಮಠದ ಬರ್ನಾರ್ಡ್. 1138ರಲ್ಲಿ ಅವನ ಅಣ್ಣ ಜೆರಾರ್ಡ್ ತೀರಿಕೊಂಡ. ಮಠದ ಸನ್ಯಾಸಿಗಳಿಗೆ ಪರಮಗೀತೆಯ ಮೇಲೆ ಸರಣಿ ಪ್ರಸಂಗ ಮಾಡುತ್ತಿದ್ದ ಬರ್ನಾರ್ಡ್, 26ನೆಯ ಪ್ರಸಂಗವನ್ನು ಎಂದಿನಂತೆ ಆರಂಭಿಸಿ ನಡುವೆ ತಡವರಿಸುತ್ತಾನೆ. ಇನ್ನು ನಟಿಸಲಾರೆ ಎಂದು ವ್ಯಾಖ್ಯಾನವನ್ನು ಅಲ್ಲಿಗೇ ಬಿಟ್ಟು ಅಣ್ಣನಿಗಾಗಿ ಗೋಳಿಡುತ್ತಾನೆ. ಆ ಗೋಳಿನ ನಡುವೆಯೇ ಅವನ ಪ್ರಸಿದ್ಧ ಮಾತು ಬರುತ್ತದೆ: ದೇವರು ನರಳಲಾರನು, ಆದರೆ ನರಳುವವರ ಜೊತೆಗೂಡಲಾರದವನಲ್ಲ, ಸಹವೇದನೆ ಆತನಿಗೆ ಸಾಧ್ಯ. ಪೋಪ್ ಹದಿನಾರನೆಯ ಬೆನೆಡಿಕ್ಟ್ 2007ರಲ್ಲಿ ನಿರೀಕ್ಷೆಯ ಬಗ್ಗೆ ಬರೆದ ಪರಿಪತ್ರದಲ್ಲಿ ಈ ಮಾತನ್ನು ಎತ್ತಿಕೊಂಡಿದ್ದಾರೆ. ಪಂಡಿತರು ಇದನ್ನು ಸೂತ್ರದಂತೆ ಉದ್ಧರಿಸುತ್ತಾರೆ. ಒಡಹುಟ್ಟಿದವನ ಹೊಸ ಸಮಾಧಿಯ ಎದುರು ಹುಟ್ಟಿದ ಮಾತು ಅದು ಎಂಬುದು ಹಾಗೆ ಉದ್ಧರಿಸುವಾಗ ಮರೆತುಹೋಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಗಾಳಿ ದಿಕ್ಕು ಬದಲಿಸಿತು. ನಾಜಿಗಳ ಸೆರೆಮನೆಯಿಂದ ಜರ್ಮನಿಯ ಪಾದ್ರಿ ದೀತ್ರಿಖ್ ಬೊನ್‌ಹೋಫರ್ 1944ರ ಜುಲೈಯಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ನರಳುವ ದೇವರು ಮಾತ್ರ ಸಹಾಯ ಮಾಡಬಲ್ಲನು ಎಂದರು. ಮುಂದಿನ ಏಪ್ರಿಲ್‌ನಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಯುದ್ಧ ಮುಗಿದ ಮರುವರ್ಷವೇ ಜಪಾನಿನ ಕಜೋ ಕಿತಮೋರಿ ದೇವರ ನೋವನ್ನೇ ಕೇಂದ್ರವಾಗಿಟ್ಟುಕೊಂಡು ಒಂದು ದೇವಶಾಸ್ತ್ರವನ್ನು ಬರೆದರು. 1943ರ ಹ್ಯಾಂಬರ್ಗ್ ಬಾಂಬ್ ದಾಳಿಯಲ್ಲಿ ಪಕ್ಕದಲ್ಲೇ ಇದ್ದ ಗೆಳೆಯ ಸತ್ತು ತಾನು ಬದುಕುಳಿದ ಹದಿನೇಳರ ಹುಡುಗ ಯುರ್ಗನ್ ಮೋಲ್ಟ್‌ಮನ್, ಮುಂದೆ 1972ರಲ್ಲಿ, ಮಗನ ಸಾವಿನಲ್ಲಿ ತಂದೆಯೂ ಶೋಕಿಸಿದನು, ಶಿಲುಬೆಯ ನೋವು ತ್ರಿತ್ವದ ಒಳಗೇ ನಡೆದದ್ದು ಎಂದು ವಾದಿಸಿದರು. ಇವರು ಯಾರೂ ಆರಾಮಕುರ್ಚಿಯಲ್ಲಿ ಕುಳಿತು ಬರೆದವರಲ್ಲ. ನಿಮ್ಮ ಮನೆಗೆ ಬಂದ ಬೋಧಕರ ಮಾತು ಈ ಹೊಳೆಯಿಂದಲೇ ಸೋರಿ ಬಂದದ್ದು.

ಹಾಗಾದರೆ ನೀವು ಯಾವುದನ್ನು ಹಿಡಿಯಬೇಕು? ಇಂದಿಗೂ ನಿಷ್ಠಾವಂತ ಕ್ರೈಸ್ತರು ಎರಡೂ ಕಡೆ ಇದ್ದಾರೆ. ಯಾವುದನ್ನು ಹಿಡಿದರೂ ನಿಮ್ಮ ನಂಬಿಕೆ ಹಾಳಾಗುವುದಿಲ್ಲ, ಆದರೆ ಎರಡರಲ್ಲೂ ಅಪಾಯವಿದೆ. ಹಳೆಯ ಸಿದ್ಧಾಂತವನ್ನು ಶಿಲುಬೆಯಿಂದ ಬಿಡಿಸಿ ಒಂಟಿಯಾಗಿ ಇಟ್ಟರೆ ದೇವರು ತಣ್ಣಗಿನ ಕಂಬವಾಗಿಬಿಡುತ್ತಾನೆ, ಆತನನ್ನು ಹೋಲಬೇಕೆಂದು ಹೊರಟವರೂ ಹಾಗೇ ಆಗುತ್ತಾರೆ. ಸಮಾಧಿಯಲ್ಲಿ ತಾಯಂದಿರನ್ನು ಗದರಿಸುವವರು ಹುಟ್ಟುವುದು ಅಲ್ಲಿಂದ. ಹೊಸ ವಾದವನ್ನು ಅತಿಗೆ ಒಯ್ದರೆ ದೇವರು ನಮ್ಮ ಜೊತೆಗೇ ಸಿಕ್ಕಿಬಿದ್ದ ಇನ್ನೊಬ್ಬ ಸಂತ್ರಸ್ತನಾಗುತ್ತಾನೆ. ಆತನಿಗೆ ಅನುಕಂಪ ತೋರಿಸಬಹುದು, ಆತನಲ್ಲಿ ಭರವಸೆ ಇಡುವುದು ಕಷ್ಟ.

ಅದಕ್ಕಿಂತ ದೊಡ್ಡ ಅಪಾಯವೂ ಒಂದಿದೆ. ದೇವರೇ ನೋವನ್ನು ಅಪ್ಪಿಕೊಂಡನೆಂದ ಮೇಲೆ ನೋವೇ ಪವಿತ್ರ ಎನ್ನುವ ಕಡೆಗೆ ಜನ ಜಾರುತ್ತಾರೆ. ಗಂಡನಿಂದ ಏಟು ತಿಂದು ಕೈ ಮುರಿದುಕೊಂಡು ಬಂದ ಹೆಂಗಸಿಗೆ, "ಕ್ರಿಸ್ತನು ಸಹಿಸಿದನಲ್ಲ, ನೀನೂ ಸಹಿಸು" ಎಂದು ಮನೆಯವರು ಬುದ್ಧಿ ಹೇಳುವುದನ್ನು ನಾನು ವಾರ್ಡಿನಲ್ಲಿ ಕೇಳಿದ್ದೇನೆ. ಶಿಲುಬೆಯನ್ನು ಇದಕ್ಕಿಂತ ಕೆಟ್ಟದಾಗಿ ಬಳಸಲು ಸಾಧ್ಯವಿಲ್ಲ. ಸುವಾರ್ತೆಗಳಲ್ಲಿ ಯೇಸು ಕನಿಕರಪಟ್ಟಾಗಲೆಲ್ಲ ಮುಂದಿನ ವಾಕ್ಯದಲ್ಲಿ ಏನಾದರೂ ನಡೆಯುತ್ತದೆ: ಕುಷ್ಠರೋಗಿಯನ್ನು ಕೈನೀಡಿ ಮುಟ್ಟುತ್ತಾನೆ, ಹಸಿದವರಿಗೆ ಊಟ ಸಿಗುತ್ತದೆ, ನಾಯಿನ್ ಊರಿನ ವಿಧವೆಯ ಮಗನ ಚಟ್ಟಕ್ಕೆ ಕೈ ತಾಗುತ್ತದೆ. ಆ ಕನಿಕರ ನೋವನ್ನು ಕೊನೆಗಾಣಿಸಲು ಹೊರಟದ್ದು, ಅದಕ್ಕೆ ಹಾರ ಹಾಕಲು ಬಂದದ್ದಲ್ಲ.

ನನ್ನ ನಿಲುವು ಕೇಳಿದರೆ, ನಾನು ಸಿರಿಲ್ ಮತ್ತು ಬರ್ನಾರ್ಡರ ಪಕ್ಕದಲ್ಲಿ ನಿಲ್ಲುತ್ತೇನೆ. ದೇವರು ಕ್ರಿಸ್ತನಲ್ಲಿ ನಿಜವಾಗಿ ಅತ್ತನು, ನಿಜವಾಗಿ ಸತ್ತನು. ಆದರೆ ಆ ದುಃಖ ಆತನನ್ನು ಮುಳುಗಿಸಲಿಲ್ಲ. ನನ್ನ ಜೊತೆ ನೀರಿಗಿಳಿದವನ ಕಾಲಿಗೆ ನೆಲ ಸಿಗುತ್ತದೆ ಎಂಬುದೇ ನನಗೆ ಮುಖ್ಯ.

"ಯಾವ ಪಾಪಕ್ಕೆ ಶಿಕ್ಷೆ" ಎಂಬ ಅಮ್ಮನ ಪ್ರಶ್ನೆಗೆ ಯೇಸುವೇ ಉತ್ತರ ಕೊಟ್ಟಿದ್ದಾನೆ, ಹಾಗಾಗಿ ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಉಳಿದವರಿಗಿಂತ ಪಾಪಿಷ್ಠರೇನಲ್ಲ ಎಂದು ಲೂಕನ ಸುವಾರ್ತೆಯಲ್ಲಿ ಹೇಳುತ್ತಾನೆ. ಹುಟ್ಟುಕುರುಡನ ವಿಷಯದಲ್ಲಿ, ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಗಳೂ ಮಾಡಲಿಲ್ಲ ಎನ್ನುತ್ತಾನೆ. ತಪ್ಪಿಲ್ಲದೆಯೇ ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನಿಗೆ ಪಾಪದ ಲೆಕ್ಕ ಒಪ್ಪಿಸಿದ ಗೆಳೆಯರ ಮೇಲೆ ಕೊನೆಯಲ್ಲಿ ದೇವರಿಗೇ ಸಿಟ್ಟು ಬರುತ್ತದೆ. ನಿಮ್ಮ ತಮ್ಮನ ಮೂತ್ರಪಿಂಡಗಳು ಕೆಟ್ಟದ್ದಕ್ಕೆ ವೈದ್ಯಕೀಯ ಕಾರಣವಿತ್ತು, ಅದನ್ನು ವೈದ್ಯರು ವಿವರಿಸಿಯೇ ಇರುತ್ತಾರೆ. ಅಮ್ಮ ಆ ವಿವರವನ್ನು ಮತ್ತೊಮ್ಮೆ ಕೇಳಬೇಕೆಂದರೆ ಕರೆದುಕೊಂಡು ಹೋಗಿ. ತಾವು ಏನೋ ತಪ್ಪಿದ್ದರಿಂದ ಹೀಗಾಯಿತು ಎಂಬ ಭಾರ ಅದರಿಂದ ಎಷ್ಟೋ ತಾಯಂದಿರಿಗೆ ಇಳಿದದ್ದನ್ನು ಕಂಡಿದ್ದೇನೆ.

ಪ್ರಾರ್ಥನೆಗೆ ಏಕೆ ಫಲ ಸಿಗಲಿಲ್ಲ? ನಂಬಿಕೆ ಸಾಲಲಿಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ಎರಡು ಸಂಗತಿ ತೋರಿಸಿ. ರೋಗಿಗಳನ್ನು ವಾಸಿ ಮಾಡಿದ ಪೌಲನು ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಎಂದು ತಿಮೊಥೆಯನಿಗೆ ಬರೆಯುತ್ತಾನೆ. ಕ್ಷಮೆಯಿಲ್ಲ, ವಿವರಣೆಯಿಲ್ಲ, ಒಂದೇ ಸಾಲು. ಗೆತ್ಸೆಮನೆಯಲ್ಲಿ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದು ಮೂರು ಸಲ ಬೇಡಿದವನಿಗೂ ಅದು ಬಿಟ್ಟುಹೋಗಲಿಲ್ಲ. ಆತನ ನಂಬಿಕೆ ಸಾಲದಾಗಿತ್ತೇ? ಲಾಜರನು ಎದ್ದು ನಿಮ್ಮ ತಮ್ಮ ಏಳದಿದ್ದುದಕ್ಕೆ ಕ್ರೈಸ್ತ ನಂಬಿಕೆ ಕಾರಣ ಕೊಡುವುದಿಲ್ಲ. ಯೋಬನಿಗೂ ಕಾರಣ ಸಿಗಲಿಲ್ಲ. ಲಾಜರನೂ ಮುಂದೊಂದು ದಿನ ಮತ್ತೆ ಸತ್ತಿರಲೇಬೇಕು. ಅವನ ಏಳುವಿಕೆ ಒಂದು ಗುರುತು ಮಾತ್ರ. ಸಭೆ ಕಾಯುವುದು ಕೊನೆಯ ಪುನರುತ್ಥಾನಕ್ಕಾಗಿ. ಆ ದಿನ ಆತನು ಎಲ್ಲರ ಕಣ್ಣೀರನ್ನು ಒರೆಸಿಬಿಡುವನು ಎಂದು ಪ್ರಕಟನೆಯ ಪುಸ್ತಕ ಹೇಳುತ್ತದೆ. ಅಂದರೆ ಆ ದಿನದವರೆಗೂ ಕಣ್ಣೀರು ಇರುತ್ತದೆ ಎಂದು ಅದೇ ಪುಸ್ತಕ ಒಪ್ಪಿಕೊಂಡಂತಾಯಿತು. ಗುಣವಾಗುತ್ತದೆಂದು ಮಾತು ಕೊಟ್ಟವರು ತಮ್ಮದಲ್ಲದ ಮಾತನ್ನು ಕೊಟ್ಟರು. ಅವರು ಬಂದು ನಿಮ್ಮ ಮನೆಯವರ ಬಳಿ ಕ್ಷಮೆ ಕೇಳಿದರೆ ಒಳ್ಳೆಯದು. ನಿರೀಕ್ಷಿಸಬೇಡಿ.

ನಿಮ್ಮ ಜಗಳದ ಪ್ರಾರ್ಥನೆಯನ್ನು ನಿಲ್ಲಿಸಬೇಡಿ. ಕರ್ತನೇ, ನನ್ನನ್ನು ಮರುಳುಗೊಳಿಸಿದಿ ಎಂದು ಯೆರೆಮೀಯನು ದೇವರ ಮುಖಕ್ಕೇ ಹೇಳಿದ. 88ನೆಯ ಕೀರ್ತನೆ ಕತ್ತಲೆಯಲ್ಲೇ ಕೊನೆಗೊಳ್ಳುತ್ತದೆ, ಒಂದು ಸಾಲಿನ ಸಾಂತ್ವನವೂ ಅಲ್ಲಿಲ್ಲ, ಆದರೂ ಅದನ್ನು ಯಾರೂ ಪವಿತ್ರಗ್ರಂಥದಿಂದ ಕಿತ್ತುಹಾಕಲಿಲ್ಲ. ಯೇಸು ಶಿಲುಬೆಯ ಮೇಲೆ ಕೂಗಿದ "ನನ್ನನ್ನು ಏಕೆ ಕೈಬಿಟ್ಟಿದ್ದೀ" ಎಂಬುದೂ ಕೀರ್ತನೆಯ ಸಾಲೇ. ಜಗಳವಾಡುವವರು ಇನ್ನೂ ಮಾತು ಬಿಟ್ಟಿಲ್ಲ. ನಾನು ನೋಡಿದ ಮಟ್ಟಿಗೆ ಕಳವಳಪಡಬೇಕಾದದ್ದು ಎಲ್ಲ ಮಾತೂ ನಿಂತು ನಯವಾದ ಭಕ್ತಿಯ ನುಡಿಗಳು ಮಾತ್ರ ಉಳಿದಾಗ.

ಸಭೆಯ ವಿಷಯದಲ್ಲಿ ನಿಮಗೆ ಕೆಲವು ದಾರಿಗಳಿವೆ. ಏನೂ ಹೇಳದೆ ಸಹಿಸಿಕೊಳ್ಳಬಹುದು. ಆಗ ಅಮ್ಮ ಬಚ್ಚಲುಮನೆಯಲ್ಲೇ ಉಳಿಯುತ್ತಾರೆ, ಮುಂದಿನ ಸಾವಿನಲ್ಲಿ ಇನ್ನೊಬ್ಬ ತಾಯಿಗೆ ಅದೇ ಮಾತು ಕೇಳಬೇಕಾಗುತ್ತದೆ. ಸಭೆ ಬಿಡಬಹುದು. ಕೆಲವೊಮ್ಮೆ ಅದು ಬೇಕಾಗುತ್ತದೆ, ಆದರೆ ದುಃಖದ ಮೊದಲ ವರ್ಷದಲ್ಲಿ ಬಿಟ್ಟವರು ಅನೇಕ ವೇಳೆ ತಮ್ಮನ್ನು ಪ್ರೀತಿಸುವ ನಾಲ್ಕು ಜನರನ್ನೂ ಜೊತೆಗೇ ಕಳೆದುಕೊಳ್ಳುತ್ತಾರೆ. ನಾನಾದರೆ ಸಭಾಪಾಲಕರ ಬಳಿ ಒಬ್ಬಳೇ ಹೋಗಿ, ನಡೆದದ್ದನ್ನು ಹೇಳಿ, ಅವರೇ ಮನೆಗೆ ಬಂದು ಅಮ್ಮನಿಗೆ "ಅಳುವುದು ಪಾಪವಲ್ಲ" ಎಂದು ಹೇಳುವಂತೆ ಕೇಳಿಕೊಳ್ಳಿ ಎನ್ನುತ್ತೇನೆ. ಹಿರಿಯರ ಬಾಯಿಂದ ಬಿದ್ದ ಮಾತನ್ನು ಮಗಳು ಅಳಿಸುವುದು ಕಷ್ಟ, ಅದೇ ಸ್ಥಾನದವರು ಅಳಿಸಬಲ್ಲರು. ಅವರೂ ಹಿರಿಯರ ಪರ ನಿಂತರೆ ಬೇರೆ ಸಭೆಯ ಬಗ್ಗೆ ಆಗ ಯೋಚಿಸಿ. ಇದರ ಜೊತೆಗೆ, ಅಮ್ಮ ಊಟ ನಿದ್ದೆ ಬಿಟ್ಟಿದ್ದರೆ, ಮಗನ ಬಳಿಗೆ ಹೋಗಬೇಕು ಎಂಬಂಥ ಮಾತು ಆಡುತ್ತಿದ್ದರೆ, ಪಾದ್ರಿಯನ್ನು ಕಾಯದೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ದುಃಖ ಕಾಯಿಲೆಯಲ್ಲ, ಆದರೆ ಅದು ಕಾಯಿಲೆಗೆ ತಿರುಗಬಲ್ಲದು. ಔಷಧವೂ ಆಪ್ತಸಮಾಲೋಚನೆಯೂ ನಂಬಿಕೆಗೆ ವಿರೋಧಿಗಳಲ್ಲ.

ಇನ್ನು ಸ್ಮರಣೆಯ ದಿನದ ವಾಕ್ಯ. ಲಾಜರನ ಅಧ್ಯಾಯವನ್ನು ನಾನು ಸೂಚಿಸುವುದಿಲ್ಲ, ಅದು ಕಲ್ಲು ಉರುಳುವಲ್ಲಿಗೆ ಹೋಗಿ ಮುಟ್ಟುತ್ತದೆ, ನಿಮ್ಮ ಮನೆಯಲ್ಲಿ ಹಾಗಾಗಲಿಲ್ಲ. 13ನೆಯ ಕೀರ್ತನೆ ಓದಿ. ಆರೇ ವಚನಗಳು. ಕರ್ತನೇ, ಎಷ್ಟರ ತನಕ ನನ್ನನ್ನು ಮರೆತಿರುವಿ ಎಂದು ಆರಂಭವಾಗುತ್ತದೆ, "ಎಷ್ಟರ ತನಕ" ಎಂಬುದು ಮತ್ತೆ ಮತ್ತೆ ಬರುತ್ತದೆ. ಕೊನೆಯ ಎರಡು ವಚನಗಳಲ್ಲಿ ಮಾತ್ರ ಭರವಸೆ ಇದೆ. ಅವು ಈಗ ನಿಮ್ಮ ಬಾಯಿಂದ ಬರುವುದಿಲ್ಲ ಎನಿಸಿದರೆ ನಾಲ್ಕನೆಯ ವಚನಕ್ಕೆ ನಿಲ್ಲಿಸಿ, ಉಳಿದದ್ದನ್ನು ಸಭೆಯವರೆಲ್ಲ ಸೇರಿ ಓದುವಂತೆ ಸಭಾಪಾಲಕರಿಗೆ ಮೊದಲೇ ಹೇಳಿಡಿ. ಓದಿದ ಮೇಲೆ ಆ ಹಿರಿಯರು ಎದ್ದು ವ್ಯಾಖ್ಯಾನ ಮಾಡದಂತೆ ನೋಡಿಕೊಳ್ಳಬೇಕೆಂದೂ ಅದೇ ಉಸಿರಿನಲ್ಲಿ ಕೇಳಿಕೊಳ್ಳಿ.